ಕಥೋಲಿಕ ಧರ್ಮಕೇಂದ್ರದ ಒಂದು ವಾರ: ಭಾನುವಾರ ಉಳಿದದ್ದು ಎಲ್ಲಿಗೆ ಹೋಗುತ್ತದೆ?

ಕಥೋಲಿಕರಲ್ಲಿ ನಿಮ್ಮ ಚರ್ಚ್ ಯಾವುದು ಅಂತ ಮೊದಲು ತೀರ್ಮಾನಿಸುವುದು ನಿಮ್ಮ ಮನೆಯ ವಿಳಾಸ. ಯಾವ ಗುರುಗಳು (ಪಾದ್ರಿಗಳು) ಚೆನ್ನಾಗಿ ಮಾತಾಡುತ್ತಾರೆ, ಎಲ್ಲಿ ಹಾಡು ಚೆಂದ ಎಂಬುದೆಲ್ಲ ಆಮೇಲಿನ ವಿಷಯ. ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶಕ್ಕೆ ಧರ್ಮಕ್ಷೇತ್ರ ಎನ್ನುತ್ತಾರೆ. ಅದನ್ನು ಗಡಿ ಗುರುತಿಸಿ ಸಣ್ಣ ಸಣ್ಣ ಭಾಗ ಮಾಡಿರುತ್ತಾರೆ. ಆ ಒಂದೊಂದು ಭಾಗವೇ ಧರ್ಮಕೇಂದ್ರ. ಗಡಿಯೊಳಗೆ ವಾಸವಿರುವ ಕಥೋಲಿಕರೆಲ್ಲ ಅದಕ್ಕೆ ಸೇರಿದವರು. ಭಾಷೆಯ ಅಥವಾ ಪೂಜಾ ಪದ್ಧತಿಯ ಆಧಾರದ ಮೇಲೂ ಕೆಲವು ಧರ್ಮಕೇಂದ್ರಗಳಿವೆ. ಆದರೆ ಪ್ರದೇಶದ ಲೆಕ್ಕವೇ ಸಾಮಾನ್ಯ ನಿಯಮ. ಜಗತ್ತಿನಲ್ಲಿ ಇಂಥ ಧರ್ಮಕೇಂದ್ರಗಳು 2 ಲಕ್ಷಕ್ಕೂ ಹೆಚ್ಚಿವೆ.

ಭಾನುವಾರದ ಪೂಜೆಗೆ ಬೇರೆ ಚರ್ಚ್‌ಗೆ ಹೋದರೆ ಯಾರೂ ತಡೆಯುವುದಿಲ್ಲ. ಕಥೋಲಿಕರ ಇಡೀ ಸಮುದಾಯವಾದ ಧರ್ಮಸಭೆಯ ಕಾನೂನೇ ಅದನ್ನು ಒಪ್ಪುತ್ತದೆ. ಆದರೂ ಮದುವೆ, ಸಾವು, ಮಗುವನ್ನು ಧರ್ಮಕ್ಕೆ ಸೇರಿಸಿಕೊಳ್ಳುವ ಜ್ಞಾನಸ್ನಾನ ಅಂತ ಬಂದಾಗ ಮಾತು ತಿರುಗಿ ನಿಮ್ಮ ಧರ್ಮಕೇಂದ್ರಕ್ಕೇ ಬರುತ್ತದೆ. ಇದರ ಪರಿಣಾಮ ಏನಂದರೆ, ಪರಸ್ಪರ ಆರಿಸಿಕೊಳ್ಳದ ಜನ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಮಾತು ಬಿಟ್ಟ ಅಣ್ಣತಮ್ಮಂದಿರು ಅಲ್ಲಿರುತ್ತಾರೆ. ಮಾಲೀಕರೂ ಇರುತ್ತಾರೆ, ಅವರ ಕೆಲಸದವರೂ ಇರುತ್ತಾರೆ. ಧರ್ಮಕೇಂದ್ರದ ಒಳ್ಳೆಯದೂ ತಲೆನೋವೂ ಹುಟ್ಟುವುದು ಇಲ್ಲೇ.

ಹೊರಗಿನಿಂದ ನೋಡುವವರಿಗೆ ಅಲ್ಲಿ ನಡೆಯುವುದೆಲ್ಲ ಬಿಡಿಬಿಡಿಯಾಗಿ ಕಾಣುತ್ತದೆ. ಭಾನುವಾರ ಪೂಜೆ, ಗುರುವಾರ ಆರಾಧನೆ, ಶನಿವಾರ ಪಾಪನಿವೇದನೆ, ನಡುವೆ ಯಾವುದೋ ಸಂಘದ ಸಭೆ, ಯಾರದೋ ಮನೆಯಲ್ಲಿ ಜಪಸರ. ಇವುಗಳ ನಡುವಿನ ನಂಟು ತಿಳಿಯಬೇಕಾದರೆ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಭಾನುವಾರದ ಪೂಜೆ ಮುಗಿದ ಮೇಲೆ ಅಲ್ಲಿ ಏನು ಉಳಿಯುತ್ತದೆ? ಎರಡು ವಸ್ತು ಉಳಿಯುತ್ತವೆ. ಒಂದು ರೊಟ್ಟಿ, ಇನ್ನೊಂದು ಕಾಣಿಕೆಯ ಹಣ. ವಾರದ ಉಳಿದ ದಿನಗಳ ಬಹುಪಾಲು ಕೆಲಸ ಈ ಎರಡನ್ನು ತಲುಪಬೇಕಾದವರಿಗೆ ತಲುಪಿಸುವುದೇ ಆಗಿದೆ.

ಇದು ನಾನು ಕಟ್ಟಿದ ಲೆಕ್ಕ ಅಲ್ಲ. ಸುಮಾರು ಕ್ರಿ.ಶ. 155ರಲ್ಲಿ ರೋಮ್‌ನಲ್ಲಿದ್ದ ಜಸ್ಟಿನ್ ಎಂಬ ಕ್ರೈಸ್ತ ಚಿಂತಕ ಚಕ್ರವರ್ತಿ ಆಂಟೊನಿನಸ್ ಪಯಸ್‌ಗೆ ಒಂದು ಅಹವಾಲು ಬರೆದರು. ನಮ್ಮ ಮೇಲಿನ ಆರೋಪಗಳು ಸುಳ್ಳು, ನಾವು ಮಾಡುವುದು ಇಷ್ಟೇ ನೋಡಿ, ಎನ್ನುವ ಧಾಟಿ ಅದರದು. ಸೂರ್ಯನ ದಿನ ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಸೇರುತ್ತಾರೆ. ಯೇಸುವಿನ ಶಿಷ್ಯರಾದ ಅಪೊಸ್ತಲರ ಬರಹಗಳನ್ನೋ ಪ್ರವಾದಿಗಳ ಬರಹಗಳನ್ನೋ ಓದುತ್ತಾರೆ. ಸಭೆ ನಡೆಸುವವರು ನಾಲ್ಕು ಬುದ್ಧಿಮಾತು ಹೇಳುತ್ತಾರೆ. ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ ತರುತ್ತಾರೆ, ಸ್ತುತಿ ಸಲ್ಲಿಸಿ ಹಂಚುತ್ತಾರೆ. ಬರಲಾಗದವರಿಗೆ ಡೀಕನ್‌ಗಳು, ಅಂದರೆ ಗುರುಗಳಿಗಿಂತ ಕೆಳಗಿನ ದೀಕ್ಷೆಯ ಸೇವಕರು, ಒಯ್ದು ಕೊಡುತ್ತಾರೆ. ಉಳ್ಳವರು ಮನಸ್ಸಿದ್ದಷ್ಟು ಕೊಡುತ್ತಾರೆ. ಆ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರಸ್ಥಳದಿಂದ ಬಂದವರಿಗೆ ಹೋಗುತ್ತದೆ. ಇಂದು ಯಾವುದೇ ಕಥೋಲಿಕ ಚರ್ಚ್‌ನೊಳಗೆ ಹೋಗಿ ಕೂತರೂ ಹೆಚ್ಚೂಕಡಿಮೆ ಇದೇ ಕ್ರಮ ಕಾಣುತ್ತದೆ. ಸಂಗೀತ ಬದಲಾಗಿದೆ, ಕಟ್ಟಡ ಬದಲಾಗಿದೆ, ಭಾಷೆಯಂತೂ ಹಲವು ಸಲ ಬದಲಾಗಿದೆ. ಒಳಗಿನ ಅಸ್ಥಿಪಂಜರ ಬದಲಾಗಿಲ್ಲ.

ಭಾನುವಾರ ಶನಿವಾರವೇ ಶುರುವಾಗುತ್ತದೆ

ಹೊಸಬರಿಗೆ ಮೊದಲು ಗೊಂದಲ ಆಗುವುದು ಇಲ್ಲಿ. ಶನಿವಾರ ಸಂಜೆ ಪೂಜೆಗೆ ಹೋದವರು "ನನ್ನ ಭಾನುವಾರದ ಪೂಜೆ ಆಯ್ತು" ಎನ್ನುತ್ತಾರೆ. ಇದು ಸೋಮಾರಿಗಳಿಗೆ ಮಾಡಿಕೊಟ್ಟ ರಿಯಾಯಿತಿ ಅಂತ ಸುಮ್ನೆ ನಗುವವರಿದ್ದಾರೆ. ಆದರೆ ಯೆಹೂದ್ಯರ ಲೆಕ್ಕದಲ್ಲಿ ದಿನ ಶುರುವಾಗುವುದೇ ಹಿಂದಿನ ಸಂಜೆ. ಭಾನುವಾರಕ್ಕೂ ದೊಡ್ಡ ಹಬ್ಬಗಳಿಗೂ ಕಥೋಲಿಕರು ಆ ಲೆಕ್ಕವನ್ನು ಉಳಿಸಿಕೊಂಡಿದ್ದಾರೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯೂ ಹಿಂದಿನ ದಿನದ ಸಂಜೆಯ ಪೂಜೆ ಸಾಕು ಎಂದು ಹೇಳುತ್ತದೆ.

ಭಾನುವಾರದ ಈ ಪೂಜೆಯಲ್ಲಿ, ಅಂದರೆ ಬಲಿಪೂಜೆಯಲ್ಲಿ, ಪಾಲ್ಗೊಳ್ಳುವುದು ಕಡ್ಡಾಯ. ರೋಗ, ಮಗುವಿನ ಆರೈಕೆಯಂಥ ಗಟ್ಟಿ ಕಾರಣ ಇದ್ದರೆ ವಿನಾಯಿತಿ ಇದೆ. ಪ್ರೀತಿಯಿಂದ ಬರಬೇಕಾದದ್ದಕ್ಕೆ ಕಡ್ಡಾಯ ಯಾಕೆ ಎಂದು ಕೇಳುವವರು ಒಳಗೂ ಇದ್ದಾರೆ, ಹೊರಗೂ ಇದ್ದಾರೆ. ಚರಿತ್ರೆಯಲ್ಲಿ ನೋಡಿದರೆ ಕಾನೂನಿಗಿಂತ ಮೊದಲು ಬಂದದ್ದು ಜನರ ಹಟ. 304ರಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್ ಕಾಲದಲ್ಲಿ ಇಂಥ ಕೂಟಗಳಿಗೆ ನಿಷೇಧವಿತ್ತು. ಉತ್ತರ ಆಫ್ರಿಕಾದ ಅಬಿಟೀನ್ ಎಂಬ ಊರಿನ 49 ಮಂದಿ ಒಂದು ಮನೆಯಲ್ಲಿ ಸೇರಿ ಸಿಕ್ಕಿಬಿದ್ದರು. ಅವರನ್ನು ಕಾರ್ಥೇಜ್‌ಗೆ ಒಯ್ದು ವಿಚಾರಣೆ ಮಾಡಿದರು. ಗೊತ್ತಿದ್ದೂ ಯಾಕೆ ಸೇರಿದಿರಿ ಎಂದಾಗ ಬಂದ ಉತ್ತರ, ಭಾನುವಾರದ ಪೂಜೆ ಇಲ್ಲದೆ ನಾವು ಇರಲಾರೆವು ಎಂಬುದು. ಅದಕ್ಕೆ ಅವರು ಪ್ರಾಣ ಕೊಟ್ಟರು. ಕಡ್ಡಾಯದ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ. ಮನಸ್ಸಿಲ್ಲದ ದಿನವೂ ಎದ್ದು ಹೋಗುವ ಅಭ್ಯಾಸ ಇಲ್ಲದಿದ್ದರೆ, ನಿಜವಾಗಿ ಬೇಕಾದ ದಿನ ಹೋಗಲು ಒಂದು ಜಾಗವೇ ಉಳಿದಿರುವುದಿಲ್ಲ.

ಪೂಜೆಯಲ್ಲಿ ಎರಡು ದೊಡ್ಡ ಭಾಗಗಳಿವೆ. ಮೊದಲನೆಯದು ದೇವರ ವಾಕ್ಯ ಕೇಳುವುದು. ಭಾನುವಾರ ಮೂರು ವಾಚನಗಳು, ನಡುವೆ ಒಂದು ಕೀರ್ತನೆ. ಮೊದಲ ವಾಚನ ಹೆಚ್ಚಾಗಿ ಹಳೆಯ ಒಡಂಬಡಿಕೆಯಿಂದ, ಎರಡನೆಯದು ಅಪೊಸ್ತಲರ ಪತ್ರಗಳಿಂದ, ಕೊನೆಯದು ಶುಭಸಂದೇಶ, ಅಂದರೆ ಮತ್ತಾಯ, ಮಾರ್ಕ, ಲೂಕ, ಯೊವಾನ್ನ ಎಂಬ ನಾಲ್ವರ ಹೆಸರಿನಲ್ಲಿರುವ ಯೇಸುವಿನ ಕಥೆ. ಏನು ಓದಬೇಕು ಎಂಬುದನ್ನು ಗುರುಗಳು ಆರಿಸುವುದಿಲ್ಲ. 1969ರಲ್ಲಿ ಪ್ರಕಟವಾದ ವಾಚನ ಪಟ್ಟಿ ಅದನ್ನು ಮೊದಲೇ ಹಾಕಿಟ್ಟಿದೆ. ಒಂದು ವರ್ಷ ಮತ್ತಾಯ, ಮರುವರ್ಷ ಮಾರ್ಕ, ಮೂರನೇ ವರ್ಷ ಲೂಕ, ಮತ್ತೆ ಮತ್ತಾಯ. ಯೊವಾನ್ನರ ಶುಭಸಂದೇಶ ಮುಖ್ಯವಾಗಿ ಈಸ್ಟರ್ ಕಾಲದಲ್ಲಿ ಬರುತ್ತದೆ. ಮಾರ್ಕನದು ಚಿಕ್ಕ ಪುಸ್ತಕವಾದ್ದರಿಂದ ಆ ವರ್ಷದ ಕೆಲವು ಭಾನುವಾರಗಳನ್ನು ಯೊವಾನ್ನರ 6ನೇ ಅಧ್ಯಾಯ ತುಂಬುತ್ತದೆ. ಯಾವ ವರ್ಷ ಯಾರದು ಎಂದು ತಿಳಿಯಲು ಒಂದು ಸುಲಭ ಉಪಾಯ ಇದೆ. ಇಸವಿ ಮೂರರಿಂದ ಭಾಗವಾದರೆ ಅದು ಲೂಕರ ವರ್ಷ. 2025 ಹಾಗಿತ್ತು. ಆದರೆ ಈ ವಾಚನದ ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ. ಕ್ರಿಸ್ಮಸ್‌ಗೆ ನಾಲ್ಕು ಭಾನುವಾರ ಮುಂಚೆ, ಆಗಮನಕಾಲದೊಂದಿಗೆ ಶುರುವಾಗುತ್ತದೆ.

ಈ ಪಟ್ಟಿಯಿಂದ ಒಂದು ಲಾಭ ಇದೆ. ಗುರುಗಳಿಗೆ ಇಷ್ಟವಾದ ನಾಲ್ಕೇ ವಾಕ್ಯಗಳ ಸುತ್ತ ಪ್ರಬೋಧನೆ ಸುತ್ತುವುದಿಲ್ಲ. ಅವರಿಗೆ ಕಷ್ಟ ಎನಿಸುವ ಭಾಗದ ಮೇಲೂ ಮಾತಾಡಲೇಬೇಕು. ಮಾತಾಡುತ್ತಾರೆ, ಕೆಲವೊಮ್ಮೆ ಜಾಸ್ತಿಯೇ ಮಾತಾಡುತ್ತಾರೆ.

ಎರಡನೆಯ ಭಾಗ ಬಲಿಪೀಠದಲ್ಲಿ. ಹುಳಿ ಹಾಕದ ಗೋಧಿ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಗುರುಗಳು ಕೈಗೆತ್ತಿಕೊಂಡು, ಯೇಸು ಕೊನೆಯ ಭೋಜನದಲ್ಲಿ ಆಡಿದ ಮಾತುಗಳನ್ನು ಹೇಳುತ್ತಾರೆ. ಆಗ ಅವು ಕ್ರಿಸ್ತನ ಶರೀರವೂ ರಕ್ತವೂ ಆಗುತ್ತವೆ ಎಂಬುದು ಕಥೋಲಿಕರ ನಂಬಿಕೆ. ಬಣ್ಣ, ರುಚಿ, ಆಕಾರ ಮೊದಲಿನಂತೆಯೇ ಇರುತ್ತವೆ. ಬದಲಾಗುವುದು ಅದು ಏನು ಎಂಬುದು. ಇದನ್ನು ಬರೀ ನೆನಪಿನ ಗುರುತು ಎಂದು ಅವರು ಒಪ್ಪುವುದಿಲ್ಲ. ಬೇರೆಯವರು ಈ ನಂಬಿಕೆಯನ್ನು ಒಪ್ಪಲೇಬೇಕೆಂದಿಲ್ಲ. ಆದರೆ ಇದು ತಿಳಿಯದಿದ್ದರೆ ಚರ್ಚ್‌ನೊಳಗೆ ನಡೆಯುವ ಯಾವುದೂ ಅರ್ಥವಾಗುವುದಿಲ್ಲ. ಹೀಗೆ ಪವಿತ್ರವಾದ ರೊಟ್ಟಿಗೆ ಪರಮಪ್ರಸಾದ ಎನ್ನುತ್ತಾರೆ. ಅದನ್ನು ಸ್ವೀಕರಿಸುವ ಒಂದು ಗಂಟೆ ಮುಂಚಿನಿಂದ ನೀರು, ಔಷಧಿ ಬಿಟ್ಟು ಬೇರೇನೂ ಸೇವಿಸಬಾರದು. ಹಿಂದೆ ಈ ನಿಯಮ ಬಹಳ ಕಠಿಣವಾಗಿತ್ತು. ಮಧ್ಯರಾತ್ರಿಯಿಂದಲೇ ಉಪವಾಸ ಇರಬೇಕಿತ್ತು. ಸಂಜೆ ಪೂಜೆಗಳು ಅಪರೂಪವಾಗಿದ್ದುದಕ್ಕೆ ಇದೂ ಒಂದು ಕಾರಣ. 1957ರಲ್ಲಿ ಅದು ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದು ಗಂಟೆಗೆ. ವಯಸ್ಸಾದವರಿಗೆ, ರೋಗಿಗಳಿಗೆ ಅದೂ ಇಲ್ಲ. ರೋಗಿಯ ಪಕ್ಕದಲ್ಲಿದ್ದು ಆರೈಕೆ ಮಾಡುವವರಿಗೂ ಇಲ್ಲ. ಕಾನೂನು ಬರೆದವರು ಮನೆಯೊಳಗಿನ ಕಷ್ಟ ನೋಡಿದ್ದರು ಅಂತ ಕಾಣುತ್ತದೆ.

ಉಳಿದ ರೊಟ್ಟಿ

ಪೂಜೆಯಲ್ಲಿ ಎಲ್ಲರಿಗೂ ಹಂಚಿದ ಮೇಲೆ ಉಳಿದ ಪರಮಪ್ರಸಾದವನ್ನು ಒಂದು ಭದ್ರ ಪೆಟ್ಟಿಗೆಯಲ್ಲಿ ಇಡುತ್ತಾರೆ. ಅದರ ಹತ್ತಿರ ಸದಾ ಒಂದು ದೀಪ ಉರಿಯುತ್ತದೆ. ಒಳಗೆ ಬಂದವರು ಆ ಪೆಟ್ಟಿಗೆಯ ಕಡೆ ಮೊಣಕಾಲೂರಿ ನಮಿಸುವುದು ಇದೇ ಕಾರಣಕ್ಕೆ. ಸುತ್ತ ಇರುವ ಸಂತರ ಪ್ರತಿಮೆಗಳಿಗಲ್ಲ.

ಉಳಿಸಿಡುವ ಮೊದಲ ಉದ್ದೇಶ ರೋಗಿಗಳು. ಹಾಸಿಗೆ ಹಿಡಿದವರಿಗೆ, ಮೆಟ್ಟಿಲಿಳಿಯಲಾಗದ ಮುದುಕರಿಗೆ, ಆಸ್ಪತ್ರೆಯಲ್ಲಿರುವವರಿಗೆ ಅದನ್ನು ಒಯ್ದು ಕೊಡಬೇಕು. ಮೊದಲು ಇದು ಗುರುಗಳ, ಡೀಕನ್‌ಗಳ ಕೆಲಸವಾಗಿತ್ತು. 1973ರಿಂದ ತರಬೇತಿ ಪಡೆದ ಸಾಮಾನ್ಯ ಭಕ್ತರೂ ಬಿಷಪ್ ಅನುಮತಿಯೊಂದಿಗೆ ಇದನ್ನು ಮಾಡಬಹುದು. ಅಂಥವರ ಹತ್ತಿರ ಅಂಗೈಯಲ್ಲಿ ಹಿಡಿಸುವ ಒಂದು ಲೋಹದ ಡಬ್ಬಿ ಇರುತ್ತದೆ. ಅದನ್ನು ಹಿಡಿದು ಚರ್ಚ್‌ನಿಂದ ನೇರವಾಗಿ ಆ ಮನೆಗೇ ಹೋಗಬೇಕು. ದಾರಿಯಲ್ಲಿ ಸಾಮಾನು ತಗೊಂಡು, ಯಾರನ್ನೋ ಮಾತಾಡಿಸಿಕೊಂಡು ಹೋಗುವಂತಿಲ್ಲ. ಮನೆಯಲ್ಲಿ ಒಂದು ಚಿಕ್ಕ ಪ್ರಾರ್ಥನೆ, ಆ ದಿನದ ಶುಭಸಂದೇಶದ ನಾಲ್ಕು ಸಾಲು, ಪರಮಪ್ರಸಾದ. ಹತ್ತು ನಿಮಿಷದ ಕೆಲಸ. ಆದರೆ ಆಮೇಲೆ ಆ ಮನೆಯ ಅಜ್ಜಿ ಅರ್ಧ ಗಂಟೆ ಮಾತಾಡುತ್ತಾರೆ ಅಲ್ವಾ, ಅದನ್ನು ಕೂತು ಕೇಳುವುದೂ ಈ ಸೇವೆಯ ಭಾಗ ಎಂದೇ ನಾನು ಎಣಿಸುತ್ತೇನೆ. ಧರ್ಮಕೇಂದ್ರದಲ್ಲಿ ನಡೆಯುವ ಎಲ್ಲ ಕೆಲಸಗಳಲ್ಲಿ ಯಾರ ಕಣ್ಣಿಗೂ ಬೀಳದ, ಆದರೆ ಅತ್ಯಂತ ಹಳೆಯ ಕೆಲಸ ಇದು.

ಇದರ ಜೊತೆಗೇ ಬರುವುದು ರೋಗಿಗಳಿಗೆ ಪವಿತ್ರ ಎಣ್ಣೆ ಹಚ್ಚುವ ಸಂಸ್ಕಾರ. ಅದನ್ನು ಗುರುಗಳೇ ನೀಡಬೇಕು. ಇದು ಸಾಯುವ ಮುನ್ನ ಮಾಡುವುದು, ಗುರುಗಳು ಬಂದರು ಅಂದರೆ ಮುಗಿಯಿತು ಎಂಬ ಭಯ ಬಹಳ ಮನೆಗಳಲ್ಲಿ ಇನ್ನೂ ಇದೆ. ಪೋಪ್ ಆರನೇ ಪೌಲ್ 1972ರಲ್ಲೇ ಇದನ್ನು ಪರಿಷ್ಕರಿಸಿದರು. ಗಂಭೀರ ಕಾಯಿಲೆ ಇರುವವರು, ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವವರು, ವಯಸ್ಸಿನಿಂದ ಕುಗ್ಗಿದವರು ಯಾರು ಬೇಕಾದರೂ ಪಡೆಯಬಹುದು, ಮತ್ತೆ ಮತ್ತೆ ಪಡೆಯಬಹುದು. ಸಾಯುವ ಹೊತ್ತಿಗೆ ಸಲ್ಲುವ ಸಂಸ್ಕಾರ ಬೇರೆಯೇ ಇದೆ. ಅದು ಕೊನೆಯ ಪಯಣದ ಬುತ್ತಿಯಾಗಿ ಕೊಡುವ ಪರಮಪ್ರಸಾದ.

ಹಲವು ಕಡೆ ಗುರುವಾರ ಅಥವಾ ತಿಂಗಳ ಮೊದಲ ಶುಕ್ರವಾರ ಆ ಪೆಟ್ಟಿಗೆಯಿಂದ ಪರಮಪ್ರಸಾದವನ್ನು ಹೊರತೆಗೆದು ಎಲ್ಲರಿಗೂ ಕಾಣುವಂತೆ ಇಟ್ಟು ಒಂದು ತಾಸು ಮೌನವಾಗಿ ಕೂರುತ್ತಾರೆ. ಗುರುವಾರ ಯಾಕೆ ಅಂದರೆ ಯೇಸುವಿನ ಕೊನೆಯ ಭೋಜನ ನಡೆದದ್ದು ಗುರುವಾರ. ಶುಕ್ರವಾರದ ಪದ್ಧತಿ 17ನೇ ಶತಮಾನದ ಫ್ರಾನ್ಸಿನ ಸನ್ಯಾಸಿನಿ ಸಂತ ಮಾರ್ಗರೆಟ್ ಮೇರಿ ಅಲಕೋಕ್ ಅವರಿಂದ ಹರಡಿತು. ಕೊನೆಯ ಭೋಜನದ ಮರುದಿನ, ಅಂದರೆ ಶುಭ ಶುಕ್ರವಾರ, ಪೂಜೆ ಎಲ್ಲಿಯೂ ನಡೆಯುವುದಿಲ್ಲ. ಆ ದಿನ ಹಂಚುವುದು ಹಿಂದಿನ ಸಂಜೆ ಪವಿತ್ರಗೊಳಿಸಿ ಉಳಿಸಿಟ್ಟದ್ದನ್ನೇ.

ವಾರದ ದಿನಗಳಲ್ಲೂ ಬೆಳಗ್ಗೆಯೋ ಸಂಜೆಯೋ ಪೂಜೆ ಇರುತ್ತದೆ. ಅದು ಕಡ್ಡಾಯವಲ್ಲ. ಹಾಡು ಕಡಿಮೆ, ವಾಚನ ಎರಡೇ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಬರುವವರು ಕೆಲವೇ ಮಂದಿ, ಹೆಚ್ಚಾಗಿ ನಿವೃತ್ತರು, ಸಿಸ್ಟರ್‌ಗಳು, ಕೆಲಸಕ್ಕೆ ಹೋಗುವ ದಾರಿಯಲ್ಲಿ ಒಳಗೆ ಬರುವವರು. ಧರ್ಮಕೇಂದ್ರದ ನಿಜವಾದ ಸುದ್ದಿ ಬೇಕಾದರೆ ಈ ಗುಂಪನ್ನು ಕೇಳಬೇಕು.

ಈ ಪೂಜೆಗಳಲ್ಲಿ ಗುರುಗಳು ಕೆಲವರ ಹೆಸರು ಹೇಳುವುದನ್ನು ಕೇಳಿರುತ್ತೀರಿ. ಯಾರಾದರೂ ತೀರಿಹೋದ ತಂದೆಗಾಗಿಯೋ ಪರೀಕ್ಷೆ ಬರೆಯುವ ಮಗಳಿಗಾಗಿಯೋ ಪೂಜೆ ಅರ್ಪಿಸಲು ಕೇಳಿಕೊಂಡು ಕಾಣಿಕೆ ಕೊಟ್ಟಿರುತ್ತಾರೆ. ಹೊರಗಿನವರು ಅತಿ ಹೆಚ್ಚು ತಪ್ಪು ತಿಳಿಯುವ ಪದ್ಧತಿ ಇದೇ ಇರಬೇಕು. ಪೂಜೆಯನ್ನು ಮಾರುತ್ತಾರೆ ಎನ್ನುತ್ತಾರೆ. ಕಾನೂನು ಈ ಅನುಮಾನವನ್ನು ಮೊದಲೇ ಊಹಿಸಿ ಬೇಲಿ ಹಾಕಿದೆ. ವ್ಯಾಪಾರದ ವಾಸನೆಯೂ ಇರಬಾರದು ಎಂದು ನೇರವಾಗಿ ಹೇಳುತ್ತದೆ. ಗುರುಗಳು ದಿನಕ್ಕೆ ಎಷ್ಟು ಪೂಜೆ ಮಾಡಿದರೂ ಒಂದರ ಕಾಣಿಕೆ ಮಾತ್ರ ತಮಗೆ ಇಟ್ಟುಕೊಳ್ಳಬಹುದು. ಕ್ರಿಸ್ಮಸ್ ಒಂದೇ ಇದಕ್ಕೆ ಅಪವಾದ. ಕೊಡಲು ಇಲ್ಲದವರಿಗಾಗಿಯೂ ಪೂಜೆ ಅರ್ಪಿಸಬೇಕೆಂದು ಗುರುಗಳಿಗೆ ಒತ್ತಿ ಹೇಳುತ್ತದೆ. ಮತ್ತೆ ಪ್ರತಿ ಭಾನುವಾರ ಧರ್ಮಕೇಂದ್ರದ ಗುರುಗಳು ಒಂದು ಪೂಜೆಯನ್ನು ತಮ್ಮ ಎಲ್ಲ ಜನರಿಗಾಗಿ ಅರ್ಪಿಸಲೇಬೇಕು. ಅದಕ್ಕೆ ಯಾರಿಂದಲೂ ಕಾಣಿಕೆ ಇಲ್ಲ. ಚರ್ಚ್ ಮೆಟ್ಟಿಲು ಹತ್ತದವರೂ ಆ ಲೆಕ್ಕದಲ್ಲಿ ಬರುತ್ತಾರೆ.

ಉಳಿದ ಹಣ

ಭಾನುವಾರ ಬೆಂಚಿನಿಂದ ಬೆಂಚಿಗೆ ಸಾಗುವ ಕಾಣಿಕೆ ಬುಟ್ಟಿಗೆ ಎಷ್ಟು ಹಾಕಬೇಕು ಎಂಬ ನಿಗದಿ ಇಲ್ಲ. ಆದರೆ ಧರ್ಮಸಭೆಯ ಖರ್ಚಿಗೆ, ಬಡವರ ನೆರವಿಗೆ ಕೊಡುವುದು ಭಕ್ತರ ಕರ್ತವ್ಯ ಎಂದು ಕಾನೂನಿನಲ್ಲಿದೆ. ದೀಪ, ಮೇಣದಬತ್ತಿ, ಕಟ್ಟಡದ ದುರಸ್ತಿ, ಸಿಬ್ಬಂದಿಯ ಸಂಬಳ ಎಲ್ಲ ಇದರಿಂದಲೇ ನಡೆಯಬೇಕು. ಕೆಲವು ಭಾನುವಾರಗಳ ಕಾಣಿಕೆ ಪೂರ್ತಿಯಾಗಿ ಹೊರಗೆ ಹೋಗುತ್ತದೆ, ಪರದೇಶದ ಧರ್ಮಪ್ರಚಾರದ ಕೆಲಸಕ್ಕೋ ವಿಕೋಪ ನಡೆದ ಜಾಗಕ್ಕೋ.

ಇನ್ನು ಬಡವರ ಪಾಲು. ಇದಕ್ಕೆ ಬಹಳ ಧರ್ಮಕೇಂದ್ರಗಳಲ್ಲಿ ಇರುವುದು ಸಂತ ವಿನ್ಸೆಂಟ್ ದಿ ಪೌಲ್ ಸಭೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಒಜಾನಂ ಎಂಬ 20 ವರ್ಷದ ವಿದ್ಯಾರ್ಥಿ ತನ್ನ ಗೆಳೆಯರೊಂದಿಗೆ ಇದನ್ನು ಶುರು ಮಾಡಿದ. ನಿಮ್ಮ ಧರ್ಮ ಈಗ ಬಡವರಿಗೆ ಏನು ಮಾಡುತ್ತಿದೆ ಎಂದು ಚರ್ಚಾಕೂಟವೊಂದರಲ್ಲಿ ಎದುರಾಳಿಗಳು ಕೆಣಕಿದ್ದೇ ಇದಕ್ಕೆ ಪ್ರೇರಣೆ. ಇವರ ರೀತಿ ಸರಳ. ಇಬ್ಬಿಬ್ಬರಾಗಿ ಮನೆಗೆ ಹೋಗುತ್ತಾರೆ, ಕೂತು ಮಾತಾಡುತ್ತಾರೆ, ಏನು ಬೇಕೆಂದು ತಿಳಿದು ನೆರವಾಗುತ್ತಾರೆ. ಯಾರ ಮನೆಗೆ ಹೋದೆವು ಎಂದು ಹೊರಗೆ ಹೇಳುವುದಿಲ್ಲ. ಒಂದೇ ಗಡಿಯೊಳಗೆ, ಒಂದೇ ಬೆಂಚಿನಲ್ಲಿ ಕೂರುವ ಜನರ ನಡುವೆ ಈ ಗುಟ್ಟು ಬಹಳ ದೊಡ್ಡದು. ನೆರವು ಪಡೆದವರು ಮುಂದಿನ ಭಾನುವಾರ ತಲೆ ತಗ್ಗಿಸದೆ ಬರುವಂತಿರಬೇಕು.

ಇದರ ಪಕ್ಕದಲ್ಲೇ ಇನ್ನೊಂದು ಸಂಘ ಇರುತ್ತದೆ, ಮರಿಯಮ್ಮನ ಸೇನೆ. 1921ರಲ್ಲಿ ಡಬ್ಲಿನ್‌ನಲ್ಲಿ ಫ್ರಾಂಕ್ ಡಫ್ ಎಂಬ ಸರ್ಕಾರಿ ನೌಕರ ಇದನ್ನು ಹುಟ್ಟುಹಾಕಿದರು. ವಾರಕ್ಕೊಂದು ಸಭೆ ತಪ್ಪುವಂತಿಲ್ಲ. ಸದಸ್ಯರು ಮನೆಗಳಿಗೆ, ಆಸ್ಪತ್ರೆಗಳಿಗೆ ಹೋಗುತ್ತಾರೆ. ಆದರೆ ಹಣವಾಗಲಿ ವಸ್ತುವಾಗಲಿ ಕೊಡಬಾರದೆಂಬುದು ಇವರ ನಿಯಮ. ಕೊಟ್ಟರೆ ಭೇಟಿಯ ಸ್ವರೂಪವೇ ಬದಲಾಗುತ್ತದೆ ಎಂಬ ಅಂದಾಜು. ಒಂದು ಸಂಘ ಕೊಡಲೇಬೇಕೆನ್ನುತ್ತದೆ, ಇನ್ನೊಂದು ಕೊಡಲೇಬಾರದೆನ್ನುತ್ತದೆ. ಇಬ್ಬರೂ ಒಂದೇ ಬೀದಿಯಲ್ಲಿ ಓಡಾಡುತ್ತಾರೆ. ಇದರಲ್ಲಿ ವಿರೋಧ ಏನೂ ಇಲ್ಲ. ಎಲ್ಲ ಮನೆಗೂ ಬೇಕಾದದ್ದು ಹಣವೇ ಅಲ್ಲ.

ಹಣದ ಲೆಕ್ಕ ಗುರುಗಳು ಒಬ್ಬರೇ ನೋಡುವಂತಿಲ್ಲ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ಜನರ ಪ್ರತಿನಿಧಿಗಳಿರುವ ಪಾಲನಾ ಪರಿಷತ್ತು ಮಾತ್ರ ಬಿಷಪ್ ಬೇಕೆಂದರೆ ಉಂಟು. ಅದಕ್ಕೂ ಸಲಹೆ ಕೊಡುವ ಹಕ್ಕಷ್ಟೇ, ತೀರ್ಮಾನ ಗುರುಗಳದು. ಇದು ಈ ವ್ಯವಸ್ಥೆಯ ದುರ್ಬಲ ಜಾಗ ಎಂದೇ ನನಗನಿಸುತ್ತದೆ. ಕೇಳಿಸಿಕೊಳ್ಳುವ ಗುರುಗಳಿದ್ದರೆ ಪರಿಷತ್ತು ಜೀವಂತ. ಇಲ್ಲದಿದ್ದರೆ ಹಬ್ಬದ ಅಲಂಕಾರದ ಚರ್ಚೆಗೆ ಸೀಮಿತ. ಗುರುಗಳಿಗೆ ವರ್ಗ ಆಗುತ್ತದೆ, ಜನ ಅಲ್ಲೇ ಇರುತ್ತಾರೆ. ವರ್ಷಗಟ್ಟಲೆ ಕಟ್ಟಿದ್ದು ಹೊಸಬರು ಬಂದ ಮೂರು ತಿಂಗಳಲ್ಲಿ ಬದಲಾಗಬಹುದು.

ಮತ್ತೆ ಮೇಜಿಗೆ ಬರುವ ದಾರಿ

ಶುಕ್ರವಾರ ಯೇಸು ಸತ್ತ ದಿನವಾದ್ದರಿಂದ ವರ್ಷದ ಎಲ್ಲ ಶುಕ್ರವಾರಗಳೂ ಪ್ರಾಯಶ್ಚಿತ್ತದ ದಿನಗಳು. 14 ವರ್ಷ ತುಂಬಿದವರು ಮಾಂಸ ಬಿಡಬೇಕು, ಇಲ್ಲವೇ ಆಯಾ ದೇಶದ ಬಿಷಪರ ಮಂಡಳಿ ಹೇಳಿದ ಬೇರೆ ತ್ಯಾಗ ಮಾಡಬೇಕು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಶಿಲುಬೆ ಹಾದಿ ಇರುತ್ತದೆ. ಯೇಸು ಶಿಲುಬೆ ಹೊತ್ತು ಸಾಗಿದ ದಾರಿಯನ್ನು ತೋರಿಸುವ ಗೋಡೆಯ ಮೇಲಿನ 14 ಚಿತ್ರಗಳ ಮುಂದೆ ಒಂದೊಂದಾಗಿ ನಿಂತು ಪ್ರಾರ್ಥಿಸುತ್ತಾರೆ.

ಶನಿವಾರ ಸಂಜೆ ಪೂಜೆಗೆ ಮುಂಚೆ ಪಾಪನಿವೇದನೆ. ಅದನ್ನು ಶನಿವಾರ ಇಟ್ಟುಕೊಳ್ಳುವುದರಲ್ಲಿ ಅರ್ಥ ಇದೆ. ಘೋರ ಪಾಪ ಮಾಡಿದ್ದೇನೆ ಎಂಬ ಅರಿವಿದ್ದವರು ಅದನ್ನು ನಿವೇದಿಸದೆ ಪರಮಪ್ರಸಾದ ಸ್ವೀಕರಿಸಬಾರದು. ನಾಳೆ ಪರಮಪ್ರಸಾದದ ಮೇಜಿಗೆ ಬರಲು ಇಂದು ತಯಾರಿ. ನಡೆಯುವುದು ಇಷ್ಟು: ಒಂದು ಜಾಲರಿಯ ಹಿಂದೆ ಗುರುಗಳು ಕೂತಿರುತ್ತಾರೆ, ಈಚೆಗೆ ನೀವು. ಎದುರುಬದುರು ಕೂತೂ ಹೇಳಬಹುದು. ಮಾಡಿದ ತಪ್ಪುಗಳನ್ನು ಹೇಳುತ್ತೀರಿ. ಅವರು ಒಂದೆರಡು ಮಾತು ಹೇಳಿ, ಮಾಡಬೇಕಾದ ಪ್ರಾಯಶ್ಚಿತ್ತ ತಿಳಿಸಿ, ಕ್ಷಮೆಯ ಮಾತುಗಳನ್ನು ಉಚ್ಚರಿಸುತ್ತಾರೆ. ನಿಜವಾದ ಪಶ್ಚಾತ್ತಾಪ, ಇನ್ನು ಮಾಡುವುದಿಲ್ಲ ಎಂಬ ಮನಸ್ಸು ಇಲ್ಲದಿದ್ದರೆ ಆ ಮಾತುಗಳಿಂದ ಏನೂ ಆಗುವುದಿಲ್ಲ. ವಾರ ಪೂರ್ತಿ ಏನಾದರೂ ಮಾಡಿ ಶನಿವಾರ ತೊಳೆದುಕೊಳ್ಳುತ್ತಾರೆ ಎಂಬ ಹಾಸ್ಯ ಇಲ್ಲಿ ಸೋಲುತ್ತದೆ.

ಕೇಳಿದ್ದನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಹೇಳಿದವರು ಸತ್ತ ಮೇಲೂ ಇಲ್ಲ. ಬೇಕೆಂದೇ ನೇರವಾಗಿ ಬಯಲು ಮಾಡಿದರೆ ಆ ಕ್ಷಣವೇ ಅವರು ಧರ್ಮಸಭೆಯಿಂದ ಬಹಿಷ್ಕೃತರು. ಮಕ್ಕಳ ಮೇಲಿನ ದೌರ್ಜನ್ಯ ಪ್ರಕರಣಗಳ ನಂತರ ಹಲವು ದೇಶಗಳಲ್ಲಿ ಈ ಗುಟ್ಟಿಗೂ ದೇಶದ ಕಾನೂನಿಗೂ ತಿಕ್ಕಾಟ ಶುರುವಾಗಿದೆ. ಆಸ್ಟ್ರೇಲಿಯಾದ ಹಲವು ರಾಜ್ಯಗಳು ಪಾಪನಿವೇದನೆಯಲ್ಲಿ ಕೇಳಿದ್ದನ್ನೂ ವರದಿ ಮಾಡಬೇಕೆಂಬ ಕಾನೂನು ಮಾಡಿವೆ. ಧರ್ಮಸಭೆ ಒಪ್ಪಿಲ್ಲ. ಎರಡೂ ಕಡೆಯವರ ವಾದಕ್ಕೆ ತೂಕ ಇದೆ. ಸುಲಭದ ಪರಿಹಾರ ನನಗಂತೂ ಕಾಣುತ್ತಿಲ್ಲ.

ಮಕ್ಕಳ ಧರ್ಮೋಪದೇಶ ತರಗತಿಯೂ ಮೇಜಿಗೆ ಬರುವ ತಯಾರಿಯೇ. ಹಿಂದೆ ಮೊದಲ ಪರಮಪ್ರಸಾದಕ್ಕೆ 10-12 ವರ್ಷ, ಕೆಲವೆಡೆ ಇನ್ನೂ ಹೆಚ್ಚು ಕಾಯಿಸುತ್ತಿದ್ದರು. 1910ರಲ್ಲಿ ಪೋಪ್ ಹತ್ತನೇ ಪಯಸ್ ಏಳು ವರ್ಷದ ಆಸುಪಾಸು ಸಾಕು ಎಂದರು. ಮಗು ಸಾಮಾನ್ಯ ರೊಟ್ಟಿಗೂ ಇದಕ್ಕೂ ವ್ಯತ್ಯಾಸ ತಿಳಿದರೆ ಆಯಿತು. ಕಲಿಸುವವರು ಬಹುತೇಕ ಸಂಬಳವಿಲ್ಲದ ಭಕ್ತರು, ಅದರಲ್ಲೂ ಮಹಿಳೆಯರು. ಶತಮಾನಗಳಿಂದ ನಡೆದುಬಂದ ಈ ಕೆಲಸಕ್ಕೆ ಅಧಿಕೃತ ಸೇವಾಸ್ಥಾನ ಸಿಕ್ಕಿದ್ದು 2021ರಲ್ಲಿ. ಸ್ವಲ್ಪ ತಡವಾಯಿತು ಅನ್ನಬೇಕು.

ಇನ್ನು ಕಚೇರಿ. ಅಲ್ಲಿನ ಬೀರುವಿನಲ್ಲಿ ಜ್ಞಾನಸ್ನಾನ, ಮದುವೆ, ಮರಣದ ದೊಡ್ಡ ಪುಸ್ತಕಗಳಿರುತ್ತವೆ. 1563ರಲ್ಲಿ ಟ್ರೆಂಟ್ ಎಂಬ ಊರಿನಲ್ಲಿ ಸೇರಿದ್ದ ಬಿಷಪರ ಮಹಾಸಭೆ ಇವನ್ನು ಕಡ್ಡಾಯ ಮಾಡುವತ್ತ ಹೆಜ್ಜೆ ಇಟ್ಟಿತು. ಗುಟ್ಟಾಗಿ ನಡೆಯುತ್ತಿದ್ದ ಮದುವೆಗಳನ್ನು ತಡೆಯುವುದು ಅದಕ್ಕೆ ದೊಡ್ಡ ಕಾರಣ. ಇವುಗಳಲ್ಲಿ ಜ್ಞಾನಸ್ನಾನದ ಪುಸ್ತಕವೇ ಮೂಲ. ಅದು ನೌಕರರ ಸೇವಾ ಪುಸ್ತಕದ ಹಾಗೆ ಬೆಳೆಯುತ್ತಾ ಹೋಗುತ್ತದೆ. ನಿಮ್ಮ ವಿಶ್ವಾಸದ ದೃಢೀಕರಣ ಸಂಸ್ಕಾರ, ಮದುವೆ, ಗುರುದೀಕ್ಷೆ ಜಗತ್ತಿನ ಯಾವ ಮೂಲೆಯಲ್ಲಿ ನಡೆದರೂ ಅಲ್ಲಿನವರು ನಿಮಗೆ ಜ್ಞಾನಸ್ನಾನ ಆದ ಚರ್ಚ್‌ಗೆ ಬರೆದು ತಿಳಿಸಬೇಕು. ಅಲ್ಲಿ ನಿಮ್ಮ ಹೆಸರಿನ ಪಕ್ಕದಲ್ಲಿ ಅದನ್ನು ದಾಖಲಿಸುತ್ತಾರೆ. ಮದುವೆಗೆ ಹೊಸದಾಗಿ ತೆಗೆಸಿದ ಜ್ಞಾನಸ್ನಾನ ಪತ್ರವೇ ಬೇಕು ಎಂದು ಗುರುಗಳು ಹಟ ಹಿಡಿಯುವುದು ಇದಕ್ಕೇ. ಹಳೆಯ ಪ್ರತಿಯಲ್ಲಿ ಆಮೇಲಿನ ಮದುವೆ ಕಾಣುವುದಿಲ್ಲವಲ್ಲ.

ಹೊರಗಿನವರು ಪೂಜೆಗೆ ಹೋಗಬಹುದೇ? ಧಾರಾಳವಾಗಿ. ಎಲ್ಲರೂ ನಿಂತಾಗ ನಿಂತು, ಕೂತಾಗ ಕೂತರೆ ಸಾಕು. ಮೊಣಕಾಲೂರುವುದು ನಿಮ್ಮ ಇಷ್ಟ. ಪರಮಪ್ರಸಾದದ ಸಾಲಿಗೆ ಮಾತ್ರ ಹೋಗಬೇಡಿ. ಪ್ರಸಾದ ಎಂದ ಮೇಲೆ ಎಲ್ಲರಿಗೂ ಕೊಡಬೇಕಲ್ವಾ ಎಂದು ಅನಿಸುವುದು ಸಹಜ. ಆದರೆ ಅದನ್ನು ಸ್ವೀಕರಿಸುವುದು ಅಂದರೆ ಆ ನಂಬಿಕೆಯನ್ನು, ಆ ಸಮುದಾಯವನ್ನು ಪೂರ್ತಿ ಒಪ್ಪಿದ್ದೇನೆ ಎಂದು ಎಲ್ಲರೆದುರು ಹೇಳಿದಂತೆ. ಕಥೋಲಿಕರಲ್ಲೇ ಆ ದಿನ ಹೋಗದೆ ಬೆಂಚಿನಲ್ಲಿ ಉಳಿಯುವವರು ಇರುತ್ತಾರೆ. ಯಾಕೆ ಅಂತ ಯಾರೂ ಕೇಳಬಾರದು.

ಗುರುಗಳಿಲ್ಲದ ಭಾನುವಾರ

ಉಳಿದದ್ದನ್ನು ತರಬೇತಿ, ಅನುಮತಿ ಪಡೆದ ಭಕ್ತರೂ ಒಯ್ಯಬಹುದು. ಆದರೆ ಗುರುಗಳಿಲ್ಲದೆ ಪೂಜೆ ಇಲ್ಲ. ಗುರುಗಳು ಭಾನುವಾರ ಹೆಚ್ಚೆಂದರೆ ಮೂರು ಪೂಜೆ ಮಾಡಬಹುದು ಎನ್ನುತ್ತದೆ ಕಾನೂನು. ಗುರುಗಳ ಸಂಖ್ಯೆ ಇಳಿದ ಕಡೆ ಈ ಲೆಕ್ಕ ಹೊಂದುವುದಿಲ್ಲ. ಒಬ್ಬರ ಹೆಗಲಿಗೆ ನಾಲ್ಕೈದು ಚರ್ಚ್ ಬೀಳುತ್ತದೆ. 1988ರಲ್ಲಿ ವ್ಯಾಟಿಕನ್ ಇಂಥ ಜಾಗಗಳಿಗಾಗಿ ಒಂದು ಮಾರ್ಗದರ್ಶಿ ಹೊರಡಿಸಿತು. ಡೀಕನ್ ಅಥವಾ ಸಾಮಾನ್ಯ ಭಕ್ತರೊಬ್ಬರು ಸಭೆ ನಡೆಸಬಹುದು, ವಾಚನ ಓದಬಹುದು, ಹಿಂದಿನ ಪೂಜೆಯಿಂದ ಉಳಿಸಿಟ್ಟ ಪರಮಪ್ರಸಾದ ಹಂಚಬಹುದು. ಜನ ಇದನ್ನೇ ಪೂಜೆ ಅಂದುಕೊಂಡುಬಿಟ್ಟಾರು ಎಂಬ ಎಚ್ಚರಿಕೆಯೂ ಅದೇ ಮಾರ್ಗದರ್ಶಿಯಲ್ಲಿದೆ.

ಧರ್ಮಕೇಂದ್ರಗಳನ್ನು ಒಟ್ಟುಗೂಡಿಸುವುದು ಇನ್ನೊಂದು ದಾರಿ. ಜರ್ಮನಿಯ ಟ್ರಿಯರ್ ಧರ್ಮಕ್ಷೇತ್ರ ತನ್ನ 887 ಧರ್ಮಕೇಂದ್ರಗಳನ್ನು 35ಕ್ಕೆ ಇಳಿಸಲು ಯೋಜನೆ ಹಾಕಿತ್ತು. 2019ರಲ್ಲಿ ವ್ಯಾಟಿಕನ್ ಅದನ್ನು ತಡೆಹಿಡಿಯಿತು. ಗುರುಗಳು ಕಡಿಮೆ ಇದ್ದಾರೆ ಎಂಬುದೊಂದೇ ಕಾರಣಕ್ಕೆ ಧರ್ಮಕೇಂದ್ರ ಮುಚ್ಚುವಂತಿಲ್ಲ ಎಂದು 2020ರ ಜುಲೈನಲ್ಲಿ ಬಂದ ಸೂಚನೆ ಹೇಳಿತು. ಹಾಗಾದರೆ ಏನು ಮಾಡಬೇಕು ಎಂಬುದಕ್ಕೆ ಅದರಲ್ಲಿ ಅಷ್ಟು ಸ್ಪಷ್ಟ ಉತ್ತರ ಇಲ್ಲ.

ಅಮೆಜಾನ್ ಕಾಡಿನ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಪೂಜೆ ಇರುವುದಿಲ್ಲ. ಅಲ್ಲಿ ಮದುವೆಯಾದ ಡೀಕನ್‌ಗಳಿಗೆ ಗುರುದೀಕ್ಷೆ ಕೊಡಬಹುದೇ ಎಂಬ ಪ್ರಸ್ತಾಪಕ್ಕೆ 2019ರ ಅಕ್ಟೋಬರ್‌ನಲ್ಲಿ ರೋಮ್‌ನಲ್ಲಿ ಸೇರಿದ್ದ ಬಿಷಪರ ಸಭೆ ಬಹುಮತ ಕೊಟ್ಟಿತು. 2020ರ ಫೆಬ್ರವರಿಯಲ್ಲಿ ಪೋಪ್ ಫ್ರಾನ್ಸಿಸ್ ಬರೆದ ಉತ್ತರದಲ್ಲಿ ಆ ಪ್ರಸ್ತಾಪದ ಮಾತೇ ಇರಲಿಲ್ಲ. ಆದರೆ ಗುರುಗಳೇ ಬಾರದ ಊರುಗಳಲ್ಲಿ ದಶಕಗಳ ಕಾಲ ವಿಶ್ವಾಸವನ್ನು ಉಳಿಸಿದವರು ಮಹಿಳೆಯರು ಎಂಬುದನ್ನು ಅವರು ಒಪ್ಪಿ ಬರೆದರು. ಜ್ಞಾನಸ್ನಾನ ಕೊಟ್ಟವರು, ಮಕ್ಕಳಿಗೆ ಕಲಿಸಿದವರು, ಜನರನ್ನು ಸೇರಿಸಿ ಪ್ರಾರ್ಥನೆ ನಡೆಸಿದವರು ಅವರೇ. ಬಹಳ ಹಳ್ಳಿಗಳಲ್ಲಿ ಈಗಲೂ ಅದೇ ವ್ಯವಸ್ಥೆ ನಡೆದಿದೆ.